ನಾಗಲಿಂಗ ಮೇಸ್ತ್ರಿಯ ಹೆಬ್ಬೆರಳಿನ ಉಗುರು

ನಾಗಲಿಂಗ ಕಾಕಾ ಇವತ್ತು ಗಾಡಿಗೆ ಯಾವ ಬಣ್ಣ ಹೊಡೆದ ಎಂದು ತಿಳಿಯಬೇಕಾದರೆ ಅವನ ಎಡಗೈ ಹೆಬ್ಬೆರಳು ನೋಡಿದರೆ ಸಾಕಿತ್ತು. ಬಣ್ಣ ಕಲಸಿದ ಮೇಲೆ ಒಂದು ಹನಿ ಆ ಉಗುರಿಗೆ ಹಚ್ಚಿ ಬಿಸಿಲಿಗೆ ಬರುತ್ತಿದ್ದ. ಗಾಡಿಯ ಹಳೆಯ ಬಣ್ಣದ ಮೇಲೆ ಉಗುರು ಇಟ್ಟು ನೋಡುತ್ತಿದ್ದ. ಉಗುರು ಎಲ್ಲಿದೆ ಎಂದೇ ಕಾಣದಂತೆ ಬೆರೆತುಹೋದರೆ ಬಣ್ಣ ಸರಿ. ಕಂಡರೆ ಮತ್ತೆ ಕಲಸುವುದು.

ಅವನು ಬೆಳಗಾವಿಯಲ್ಲಿ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟಾಕಿ, ಮಡ್‌ಗಾರ್ಡುಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ನಾನು ಅವನ ಕೈಕೆಳಗೆ ತಗ್ಗಿಗೆ ಪುಟ್ಟಿ ಹಚ್ಚಿ ಉಸುಕಿನ ಕಾಗದದಿಂದ ತಿಕ್ಕುವವನು. ಇಬ್ಬರದೂ ಖಾನಾಪುರ, ಒಂದೇ ಓಣಿ. ಹದಿನೆಂಟು ವರ್ಷ ಒಂದೇ ರೈಲಿನಲ್ಲಿ ಹೋಗಿ ಬಂದೆವು. ದೇಸೂರ ಸ್ಟೇಶನ್ ಬಂದಾಗ ಅವನು ತಂಬಾಕು ತಿಕ್ಕಿ ನನಗೂ ಒಂದು ಚಿಟಿಕೆ ಕೊಡುತ್ತಿದ್ದ. ಮಾತು ಹೆಚ್ಚೇನೂ ಇರುತ್ತಿರಲಿಲ್ಲ.

ಬಣ್ಣದ ವಿಷಯದಲ್ಲಿ ಯಾರೂ ಬಾಯಿ ಹಾಕುವಂತಿರಲಿಲ್ಲ. ನನಗಿಂತ ಮೊದಲು ಇದ್ದವನು ಒಂದು ದಿನ, "ಮೇಸ್ತ್ರಿ, ಒಂಚೂರು ಕಪ್ಪ ಆಗೇತಿ" ಅಂದಿದ್ದನಂತೆ. ಕಾಕಾ ಅವನ ಊಟದ ಡಬ್ಬಿ ತಂದು ಕೈಗೆ ಕೊಟ್ಟು ಮನೆಗೆ ಕಳಿಸಿದ್ದ. ನನಗೂ ಮೊದಲ ದಿನವೇ ಹೇಳಿದ್ದ, "ನೀ ತಿಕ್ಕು ಬೀರ್ಯಾ. ಬಣ್ಣ ನಾ ನೋಡ್ಕೋತೀನಿ."

ಕಳೆದ ಮಳೆಗಾಲದಲ್ಲಿ ಅವನ ಕೆಂಪು ತಪ್ಪತೊಡಗಿತು. ಒಂದು ಸ್ಕೂಟರಿನ ಮಡ್‌ಗಾರ್ಡಿಗೆ ಕಲಸಿದ ಬಣ್ಣ ಮಣ್ಣಿನ ಹಾಗೆ ಇತ್ತು. ಮೋಡ ಮುಚ್ಚಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಅವನು ಚಹಾ ಕುಡಿಯಲು ಹೋದಾಗ ಡಬ್ಬಿಗೆ ಒಂದಿಷ್ಟು ಕೆಂಪು ಸೇರಿಸಿ ಕಲಸಿಟ್ಟೆ. ಅವನು ಬಂದು ಹಾಗೇ ಹೊಡೆದ. ಮುಂದೆ ಇನ್ನೂ ಮೂರು ಸಲ ಹೀಗೇ ಮಾಡಿದೆ. ಅವನಿಗೆ ತಿಳಿಯಿತೋ ಇಲ್ಲವೋ, ಗೊತ್ತಿಲ್ಲ.

ದೀಪಾವಳಿ ಮುಗಿದ ಮೇಲೆ ಕುಂದಾ ಅಕ್ಕಾರು ಬಂದರು. ಕಚೇರಿಯೊಂದರಲ್ಲಿ ಗುಮಾಸ್ತೆ, ಐವತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಚಾದರದಲ್ಲಿ ಸುತ್ತಿದ ಒಂದು ಎಲೆಕ್ಟ್ರಿಕ್ ಗಿಟಾರ್.

"ಮೇಸ್ತ್ರಿ, ಇದು ಗಾಡಿ ಅಲ್ರಿ. ಆದ್ರ ಮಾಡಿಕೊಡ್ತೀರೇನು?"

ಕಾಕಾ ಅದನ್ನು ತಿರುಗಿಸಿ ನೋಡಿದ. "ಗಾಲಿ ಎಲ್ಲ್ಯಾವ್ರಿ ಇದರವು?"

"ಗಾಲಿ ಇಲ್ಲ, ತಂತಿ ಅದಾವು. ಅವೂ ತುಕ್ಕ ಹಿಡದಾವು." ಅವರು ನಕ್ಕರು. "ಫರ್ನಿಚರ್ ಪಾಲಿಶ್‌ದವನ ಕಡೆ ಹೋಗಿದ್ನಿ. ಬಾಗಲದಂಗ ಮಾಡಿ ಕೊಡ್ತೀನಿ ಅಂದ. ಬ್ಯಾಡಪಾ ಅಂತ ಓಡಿ ಬಂದ್ನಿ."

ಚಿಕ್ಕವರಿದ್ದಾಗ ಮಿಲಿಟರಿಯವರಿರುವ ಕ್ಯಾಂಪಿನಲ್ಲಿ ಎರಡು ವರ್ಷ ಗಿಟಾರ್ ಕಲಿತಿದ್ದರಂತೆ. ಮದುವೆ ಆಯಿತು, ಬಾರಿಸುವುದು ಬಿಟ್ಟುಹೋಯಿತು. ಈಗ ಅಲ್ಲಿಂದ ವರ್ಗವಾಗಿ ಹೋಗುವ ಮಿಲಿಟರಿ ಮನೆಯವರೊಬ್ಬರು ಮಾರಿದ್ದನ್ನು ಕೊಂಡಿದ್ದರು. ಒಳಗಿನ ವಾಯರ್ ಕೆಲಸ ರೇಡಿಯೋ ರಿಪೇರಿಯವನೊಬ್ಬ ಮಾಡಿದ್ದ. ಮೈ ಮಾತ್ರ ಹಾಳಾಗಿತ್ತು. ಬಾರಿಸುವವರ ಮೊಳಕೈ ತಿಕ್ಕಿ ತಿಕ್ಕಿ ಒಂದು ಕಡೆ ಬರೀ ಕಟ್ಟಿಗೆ ಉಳಿದಿತ್ತು. ಉಳಿದ ಕಡೆ ಬಣ್ಣ ಬಿಸಿಲಿಗೆ ಸತ್ತಿತ್ತು.

ಕಾಕಾ ಸ್ಕ್ರೂ ಬಿಚ್ಚಿ ಮೇಲಿನ ಬಿಳಿ ಪ್ಲಾಸ್ಟಿಕ್ ಪ್ಲೇಟು ತೆಗೆದ. ಅದರ ಕೆಳಗೆ ಹಳೆಯ ಬಣ್ಣ ಹೊಸದರ ಹಾಗೇ ಇತ್ತು. ಕೋಕಂ ಸರಬತ್ತಿನಂಥ ಕೆಂಪು.

ಅಕ್ಕಾರು ಅದರ ಮೇಲೆ ಬೆರಳಾಡಿಸಿದರು. "ಇದ ಬಣ್ಣ ಇಡೀ ಮೈಗೆ ಬೇಕ್ರಿ. ಬ್ಯಾರೆ ಕೆಂಪು ಬ್ಯಾಡ."

"ಮೂವತ್ತ ವರ್ಷದಾಗ ನನ್ನ ಬಣ್ಣ ಒಮ್ಮೆನೂ ತಪ್ಪಿಲ್ರಿ ಅಕ್ಕಾರ," ಅಂದ ಕಾಕಾ. ನಾನು ತಲೆ ಎತ್ತಲಿಲ್ಲ.

ಗಿಟಾರಿನ ಉದ್ದನೆಯ ಕೈ ಬಿಚ್ಚಿ ಬೇರೆ ಇಟ್ಟೆವು. ಮೈಗೆ ಔಷಧಿ ಹಚ್ಚಿ ಹಳೆಯ ಬಣ್ಣ ಕೆರೆದೆ. ಪೆಟ್ಟು ಬಿದ್ದ ಕಡೆ ಪುಟ್ಟಿ ತುಂಬಿ ನಾಲ್ಕು ದಿನ ತಿಕ್ಕಿದೆ. ಕೈ ಕೂರುವ ಗುಂಡಿಯಲ್ಲಿ ಮಾತ್ರ ಎರಡು ಬೆರಳಗಲ, ಬಿಸಿಲು ತಾಗದ ಹಳೆಯ ಬಣ್ಣ ಬಿಟ್ಟೆ. ಬಣ್ಣ ಹೊಂದಿಸಿ ನೋಡಲು ಅದು ಬೇಕು.

ಹೊಂದಿಸುವ ದಿನ ಒಂದು ಮೋಡವೂ ಇರಲಿಲ್ಲ. ಕಾಕಾ ಕಲಸಿದ, ಉಗುರಿಗೆ ಹಚ್ಚಿದ, ಬಿಸಿಲಿಗೆ ಹೋದ, ಬಂದ. ಮತ್ತೆ ಕಲಸಿದ. ಏಳು ಸಲ. ಎಂಟನೆಯ ಸಲ ನನ್ನನ್ನು ಕರೆದ.

"ಬೀರ್ಯಾ, ಇಲ್ಲಿ ಬಾ. ಹೊಂದೈತೇನು ನೋಡು."

ಹದಿನೆಂಟು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕೇಳಿರಲಿಲ್ಲ. ಹೋಗಿ ನೋಡಿದೆ. ಕೆಂಪಿನ ಮೇಲೆ ಅವನ ಉಗುರು ಹುಣಸೆ ಬೀಜದ ಹಾಗೆ ಎದ್ದು ಕಾಣುತ್ತಿತ್ತು. ಅವನು ಉಗುರು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಹೂಂ," ಅಂದೆ.

ಚಹಾದ ಹೊತ್ತಿಗೆ ಕೆಂಪು ಸೇರಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಆ ದಿನ ಅವನು ಚಹಾಕ್ಕೆ ಹೋಗಲಿಲ್ಲ. ಗುಂಡಿಯ ಹಳೆಯ ಬಣ್ಣಕ್ಕೆ ಟೇಪು ಅಂಟಿಸಿ, ಬಣ್ಣ ಸ್ಪ್ರೇ ಗನ್ನಿಗೆ ಸುರಿದು ಹೊಡೆದೇಬಿಟ್ಟ. ಗಿಟಾರ್ ಖಾನಾಪುರದ ಹಳೆಯ ಹೆಂಚಿನ ಕಂದು ಬಣ್ಣಕ್ಕೆ ಬಂತು. ಮೇಲೆ ಹೊಳಪಿನ ಲ್ಯಾಕರ್ ಬಿತ್ತು. ಅಷ್ಟು ನುಣುಪಾದ ಕೆಲಸ ಅವನು ಹಿಂದೆ ಮಾಡಿದ್ದು ನಾನು ನೋಡಿಲ್ಲ. ಹೇಳಲು ನನಗೆ ಎರಡು ದಿನ ಇದ್ದವು. ಹೇಳಲಿಲ್ಲ.

ಅಕ್ಕಾರು ಬಂದಾಗ ಕಾಕಾ ತಾನೇ ಗುಂಡಿಯ ಟೇಪು ಕಿತ್ತು ತೋರಿಸಿದ. "ನೋಡ್ರಿ, ಹಳೇದು ಯಾವ್ದು ಹೊಸಾದು ಯಾವ್ದು, ಹೇಳ್ರಿ ನೋಡೂಣು!"

ಕೆಂಪು ಮತ್ತು ಕಂದು ಅಕ್ಕಪಕ್ಕ ಇದ್ದವು. ಚಿಕ್ಕ ಕೂಸಾದರೂ ಹೇಳುತ್ತಿತ್ತು. ಅಕ್ಕಾರು ಸಿಟ್ಟು ಮಾಡಲಿಲ್ಲ. ಮೊದಲು ಅದನ್ನು ನೋಡಿದರು, ಆಮೇಲೆ ಕಾಕಾನ ಕಣ್ಣು ನೋಡಿದರು.

"ಮೇಸ್ತ್ರಿ, ಖರೇ ಹೇಳ್ರಿ. ಇವು ಎರಡೂ ನಿಮಗ ಒಂದ ಕಾಣ್ತಾವೇನ್ರಿ?"

ಕಾಕಾ ನನ್ನ ಕಡೆ ತಿರುಗಿದ. "ನೀ ಹೂಂ ಅಂದಿದ್ದೆಲ್ಲೋ."

ನಾನು ಕೆಳಗೆ ಬಿದ್ದ ಟೇಪು ಎತ್ತಿಕೊಳ್ಳಲು ಬಗ್ಗಿದೆ. ಅವನು ತಗಡಿನ ಡಬ್ಬಿಯ ಮೇಲೆ ಕುಳಿತುಬಿಟ್ಟ. ಅಕ್ಕಾರು ನೀರು ಕೊಟ್ಟರು. ನಾಳೆಯೇ ಕಣ್ಣಿನ ಡಾಕ್ಟರ್ ಕಡೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದರು.

ಡಾಕ್ಟರರು ಒಂದು ಪೆನ್ನಿನ ಕೆಂಪು ಮುಚ್ಚಳ ಹಿಡಿದು ಯಾವ ಬಣ್ಣ ಎಂದು ಕೇಳಿದರು. ಕಾಕಾ ಬಹಳ ಹೊತ್ತು ನೋಡಿ, "ಬೆಲ್ಲದಂಗ ಐತ್ರಿ," ಅಂದ. ಮೂವತ್ತು ವರ್ಷ ಮುಖಕ್ಕೆ ಬರೀ ಅರಿವೆ ಕಟ್ಟಿಕೊಂಡು, ಬಣ್ಣಕ್ಕೆ ಬೆರೆಸುವ ಥಿನ್ನರಿನ ಗಾಳಿ ಕುಡಿದದ್ದು, ಮೇಲೆ ತಂಬಾಕು. ಇದರಿಂದ ಕಣ್ಣಿನ ನರಗಳು ಒಣಗಿವೆ ಎಂದರು. ಮಳೆಗಾಲದಲ್ಲೇ ಬಂದಿದ್ದರೆ ಸ್ವಲ್ಪ ಉಳಿಸಬಹುದಿತ್ತು, ಇನ್ನು ಥಿನ್ನರಿನ ಹತ್ತಿರ ಹೋಗಲೇಬಾರದು ಎಂದರು.

ಹೊರಗೆ ಬಾಕಿನ ಮೇಲೆ ಕುಳಿತು ಅವನ ಹೆಂಡತಿ ಸಾವಂತ್ರವ್ವ ಕಾಕು ಅಳುತ್ತಿದ್ದಳು. "ಮೆಣಸಿನಕಾಯಿ ಹಣ್ಣಾಗ್ಯಾವೇನ ಅಂತ ಕೇಳಾಕ ಹತ್ತಿದ್ದ. ಚ್ಯಾಷ್ಟಿ ಮಾಡ್ತಾನಂತ ತಿಳಕೊಂಡ್ನಿ. ನೀ ದಿನಾ ಕೂಡ ಇರ್ತಿದ್ದಿ. ನಿನಗೂ ಗೊತ್ತಾಗಲಿಲ್ಲೇನೋ ಬೀರ್ಯಾ?"

"ಇಲ್ಲ ಕಾಕು," ಅಂದೆ.

ಅದು ಸುಳ್ಳು.

ಗಿಟಾರ್ ಹಾಗೇ ಉಳಿದಿತ್ತು. ಅದನ್ನು ಬೇರೆಯವರಿಗೆ ಕೊಡಲು ಕಾಕಾ ಒಪ್ಪಲಿಲ್ಲ. "ಬೀರ್ಯಾ ಮಾಡ್ತಾನ," ಎಂದು ಅಕ್ಕಾರಿಗೆ ಹೇಳಿ ಕಳಿಸಿದ. ನಾನು ಮತ್ತೆ ಕೆರೆದೆ, ಮತ್ತೆ ತಿಕ್ಕಿದೆ. ಬಣ್ಣ ಕಲಸುವ ದಿನ ಬೇಡ ಬೇಡ ಎಂದರೂ ಕಾಕಾ ರೈಲು ಹತ್ತಿ ಬಂದ. ಶೆಡ್ಡಿನ ಹೊರಗೆ, ಗಾಳಿ ಬರುವ ಕಡೆ ಕೂರಿಸಿದೆ.

ನಾನು ಒಂದು ತಗಡಿನ ಚೂರಿಗೆ ಬಣ್ಣ ಹಚ್ಚಿ ತಂದೆ.

"ತಗಡಿಗ್ಯಾಕಲೇ? ಉಗುರಿಗೆ ಹಚ್ಚು."

ಹಚ್ಚಿದೆ. ಅವನು ನನ್ನ ಹೆಬ್ಬೆರಳು ಹಿಡಿದು ಗುಂಡಿಯ ಹಳೆಯ ಕೆಂಪಿನ ಮೇಲೆ ಇಟ್ಟ. ಮೂಗು ತಾಗುವಷ್ಟು ಹತ್ತಿರ ಬಾಗಿದ.

"ಹೂಂ," ಅಂದ. ಆಮೇಲೆ ಬೆರಳು ಬಿಡದೆ ಕೇಳಿದ, "ಈಗ ನೀ ಹೇಳು."

"ಇಲ್ಲ ಕಾಕಾ. ಇನ್ನೂ ಒಂಚೂರು ಕಪ್ಪ ಐತಿ."

ಅವನು ಬೆರಳು ಬಿಟ್ಟ. "ಹಂಗಾರ ಕಲಸು."

ಮತ್ತೆರಡು ಸಲ ಕಲಸಿದ ಮೇಲೆ ಹೊಂದಿತು. ಅಕ್ಕಾರು ಗಿಟಾರನ್ನು ಅದೇ ಚಾದರದಲ್ಲಿ ಸುತ್ತಿಕೊಂಡು ಹೋದರು. ಕಾಕಾ ಆ ದಿನದ ನಂತರ ಬೆಳಗಾವಿಗೆ ಬಂದಿಲ್ಲ. ಈಗ ಅವನಿಗೆ ಎದುರಿಗೆ ಬಂದವರ ಮುಖವೂ ಸರಿಯಾಗಿ ಕಾಣುವುದಿಲ್ಲ. ದನಿಯಿಂದ ಗುರುತಿಸುತ್ತಾನೆ.

ರವಿವಾರ ಅವನ ಮನೆಗೆ ಹೋಗುತ್ತೇನೆ. ಕೂತ ಕೂಡಲೇ ನನ್ನ ಕೈ ಎಳೆದುಕೊಂಡು ಹೆಬ್ಬೆರಳು ಸವರುತ್ತಾನೆ. "ಈ ವಾರ ಯಾವ ಬಣ್ಣ?" ಎಂದು ಕೇಳುತ್ತಾನೆ. ಹೇಳುತ್ತೇನೆ. ಬಣ್ಣ ತಪ್ಪಿದ್ದರೆ ಅದನ್ನೂ ಹೇಳುತ್ತೇನೆ.