ದೇವನಹಳ್ಳಿಯ ಗೋಡೆಯ ಮೇಲಿನ ಸಮುದ್ರ

ದೊಡ್ಡಬಳ್ಳಾಪುರದಿಂದ ಏಳೂವರೆಗೆ ಹೊರಡಬೇಕಿದ್ದ ಬಸ್ಸು ಎಂಟೂಕಾಲಿಗೆ ಹೊರಟಿತು. ಅರವತ್ತೆಂಟನೆಯ ಇಸವಿಯ ಮಾಗಿಯ ಚಳಿ. ನನ್ನ ತೊಡೆಯ ಮೇಲೆ ಚೀಲ. ಅದರಲ್ಲಿ ಬಣ್ಣ ಹಾಕಿದ ರೇಷ್ಮೆಯ ಹನ್ನೊಂದು ಲಡಿ, ಹಸಿರಿಗೆ ತಿರುಗಿದ ನೀಲಿಯಿಂದ ನೇರಳೆಗೆ ತಿರುಗಿದ ನೀಲಿಯವರೆಗೆ. ಪಕ್ಕದಲ್ಲಿ ಮುಖ ಊದಿಸಿಕೊಂಡ ನಮ್ಮವರು. ದೇವನಹಳ್ಳಿಗೆ ತಲೆಗೆ ಎಪ್ಪತ್ತು ಪೈಸೆ.

ಹೊರಟಿದ್ದು ಒಂದು ಚಿತ್ರ ನೋಡಲು. ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಮಗಳ ಧಾರೆಗೆ ಸೀರೆ ನೇಯಲು ಹೇಳಿದ್ದರು. ತಮ್ಮ ಮನೆಯ ಗೋಡೆಯ ಮೇಲಿರುವ ಚಿತ್ರದ ಸಮುದ್ರದ ಬಣ್ಣವೇ ಆಗಬೇಕಂತೆ. ಮೂರು ಸಲ ನೀಲಿಯ ಮಾದರಿ ಕಳಿಸಿದೆವು. ಮೂರು ಸಲವೂ "ಇದಲ್ಲ" ಎಂದು ಚೀಟಿ ಬಂತು. ಮದುವೆಗೆ ಇಪ್ಪತ್ತಾರು ದಿನ. ನಾಳೆ ಮಗ್ಗಕ್ಕೆ ಹಾಸು ಏರಿಸದಿದ್ದರೆ ಹುಡುಗಿ ಅಂಗಡಿ ಸೀರೆ ಉಟ್ಟು ಹಸೆಗೆ ಕೂರಬೇಕು. ಮೂವತ್ತು ವರ್ಷ ಬಣ್ಣದ ಬಾನಿಗೆ ಕೈ ಅದ್ದಿದವರಿಗೆ ಒಂದು ನೀಲಿ ಹೊಂದಿಸಲಾಗಲಿಲ್ಲವೆಂದು ನಮ್ಮ ಬೀದಿಯೆಲ್ಲ ಆಡಿಕೊಳ್ಳಬೇಕು.

"ಸಮುದ್ರ ನೋಡಿದ್ದೀರೇನ್ರೀ ನೀವು?" ಎಂದೆ.

"ನೀನು ನೋಡಿದ್ಯಾ? ಸುಮ್ನೆ ಕೂತ್ಕೊ."

ಕುಂದಾಣದ ಕಡೆಯವರು ಇಳಿಯುವಾಗ ಒಂದು ರಾಗಿ ಮೂಟೆ ನನ್ನ ಪಾದದ ಮೇಲೆ ಇಳಿಯಿತು. ಒಂಬತ್ತೂವರೆಗೆ ದೇವನಹಳ್ಳಿ ಮುಟ್ಟಿದೆವು.

ಮೇಷ್ಟ್ರ ಮನೆ ಕೋಟೆಯ ಒಳಗೆ. ಮಗಳು ವಸಂತ ಚಕ್ಕೋತದ ತೊಳೆಗೆ ಉಪ್ಪು ಖಾರ ಹಚ್ಚಿ ಕೊಟ್ಟಳು. ನಮ್ಮವರು ಮುಟ್ಟದೆ ನೇರ ಚಿತ್ರದ ಹತ್ತಿರ ಹೋದರು. ಫ್ರಾನ್ಸ್ ದೇಶದ ಯಾವುದೋ ಕಡಲತೀರವಂತೆ. ಮಗಳು ಹುಟ್ಟಿದ ವರ್ಷ ಬೆಂಗಳೂರಿನಲ್ಲಿ ಕೊಂಡ ದೊಡ್ಡ ಅಚ್ಚಿನ ಪ್ರತಿ, ಗಾಜು ಹಾಕಿಸಿದ್ದರು. ಬಣ್ಣ ಹಾಕುವವರಿಗೆ ಒಂದು ಅಭ್ಯಾಸ: ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದೇ ಎಳೆ ನೋಡುವುದು. ಇಲ್ಲೂ ಮೂಗನ್ನು ಗಾಜಿಗಿಟ್ಟರು. ಹನ್ನೊಂದು ಲಡಿಯನ್ನೂ ಒತ್ತಿ ಒತ್ತಿ ನೋಡಿ ಚಾಪೆಗೆ ಎಸೆದರು.

"ಮೇಷ್ಟ್ರೇ, ಇದ್ರಲ್ಲಿ ನೀಲಿನೇ ಇಲ್ವಲ್ಲ! ಬರೀ ಚುಕ್ಕೆ. ಇಲ್ಲಿ ಹಸಿರು, ಪಕ್ಕದಲ್ಲಿ ನೇರಳೆ, ನಡುವೆ ಗುಲಾಬಿ. ಯಾವುದಕ್ಕೆ ಅಂತ ಹೊಂದಿಸ್ಲಿ?"

"ಅಲ್ಲಿ ನಿಂತ್ರೆ ಹೆಂಗೆ ಕಾಣ್ತದೆ ನಂಜುಂಡಪ್ನೋರೇ? ಹಿಂದಕ್ಕೆ ಬನ್ನಿ. ಇನ್ನೂ ಹಿಂದಕ್ಕೆ."

"ಇನ್ನೂ ಹಿಂದಕ್ಕೆ ಬಂದ್ರೆ ದೊಡ್ಡಬಳ್ಳಾಪುರಕ್ಕೇ ಹೋಗ್ಬಿಡ್ತೀನಿ!"

ಕೈ ತೊಳೆಯಲು ನಾನು ಅಂಗಳಕ್ಕೆ ಇಳಿದಿದ್ದೆ. ತಿರುಗಿದಾಗ ಬಾಗಿಲೊಳಗಿಂದ ಚಿತ್ರ ಕಂಡಿತು. ಚುಕ್ಕೆಗಳೆಲ್ಲ ಕೂಡಿ ನೀಲಿಯಾಗಿದ್ದವು. ಬಾನಿಯಲ್ಲಿ ಕದಡಿದ ನೀಲಿಯಲ್ಲ, ಅಲುಗಾಡುವ ನೀಲಿ. ಒಳಗೆ ಇಬ್ಬರ ದನಿಯೂ ಏರುತ್ತಿತ್ತು. ಒಳಗೆ ಬಂದು ಚಾಪೆಯಿಂದ ಹಸಿರಿನ ಲಡಿ, ನೇರಳೆ ಲಡಿ ಎತ್ತಿ, ನಾಲ್ಕು ನಾಲ್ಕು ಎಳೆ ಬಿಡಿಸಿ, ಉದ್ದಕ್ಕೊಂದು ಅಡ್ಡಕ್ಕೊಂದು ಹೆಣೆದು ಬಾಗಿಲ ಬಿಸಿಲಿಗೆ ಹಿಡಿದೆ.

"ಜಗಳ ಸಾಕು. ಹಾಸು ಹಸಿರು, ಹೊಕ್ಕು ನೇರಳೆ. ನೋಡಿ ಇಬ್ರೂ."

ಮೇಷ್ಟ್ರು ಕನ್ನಡಕ ಏರಿಸಿದರು. "ಇದೇ ಕಣಮ್ಮ! ಇದೇ!"

"ಇದೇನು ನಂಗೆ ಗೊತ್ತಿರ್ಲಿಲ್ವಾ?" ಎಂದರು ನಮ್ಮವರು. ಗೊತ್ತಿದ್ದರೆ ಮೂರು ವಾರ ನನ್ನ ತಲೆ ಯಾಕೆ ತಿಂದರೋ.

ಅಷ್ಟಕ್ಕೇ ಮುಗಿಯಲಿಲ್ಲ. ಸೀರೆಯ ಮೈಮೇಲೆ ಒಂದೂ ಜರಿ ಹೂವಿನ ಬುಟ್ಟ ಇರಕೂಡದೆಂದು ಮೇಷ್ಟ್ರು ಹಟ ಹಿಡಿದರು. ಚಿತ್ರದಲ್ಲೂ ಒಂದೇ ದೋಣಿ, ಬಲಗಡೆಯ ಮೂಲೆಯಲ್ಲಿ ಉಗುರಿನಷ್ಟು. ಉಳಿದದ್ದೆಲ್ಲ ನೀರು, ಮರಳು, ಆಕಾಶ.

"ಅಷ್ಟು ಜಾಗ ಖಾಲಿ ಬಿಟ್ಟವ್ನಲ್ಲ ಬರೆದೋನು, ಕೈ ನೋವಿತ್ತಾ ಅವನಿಗೆ?"

"ಆ ಜಾಗ ಇರೋದಕ್ಕೇ ದೋಣಿ ದೂರ ಹೋಗೋ ಹಂಗೆ ಕಾಣೋದು."

"ಚಿತ್ರಕ್ಕೆ ಸರಿ ಸ್ವಾಮಿ. ಧಾರೆ ಸೀರೆ ಬೋಳಾಗಿದ್ರೆ, ನಂಜುಂಡಪ್ಪ ಜರಿ ಉಳಿಸ್ಕೊಂಡ ಅಂತಾರೆ."

"ಉಡೋಳು ನಾನು," ಎಂದಳು ಬಾಗಿಲಲ್ಲಿದ್ದ ವಸಂತ. "ನನ್ನ ಯಾರೂ ಕೇಳ್ಲೇ ಇಲ್ಲ."

"ಹೇಳಮ್ಮ, ನಿಂಗೇನು ಬೇಕು?" ಎಂದೆ.

"ಮದುವೆ ಆಗಿ ಮಂಗಳೂರಿಗೆ ಹೋಗ್ತೀನಿ. ಅಲ್ಲಿ ಎಂಥ ಸಮುದ್ರ ಇದ್ಯೋ. ಹುಟ್ಟಿದಾಗಿಂದ ನಾನು ನೋಡಿರೋದು ಈ ನೀರನ್ನೇ. ಅದು ನನ್ನ ಜೊತೆ ಬರ್ಲಿ. ಅದ್ರ ಮೇಲೆ ಏನೂ ಬೇಡ."

ಮೂರರ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ನಮ್ಮವರು ನನ್ನ ಕಡೆ ಬಾಗಿದರು.

"ಬೋಳು ಸೀರೆ ಕಷ್ಟ ಕಣೇ. ಬುಟ್ಟ ಇದ್ರೆ ತಪ್ಪು ಮುಚ್ಚೋಗುತ್ತೆ. ಇದ್ರಲ್ಲಿ ಒಂದು ಎಳೆ ತುಂಡಾದ್ರೂ ಊರಿಗೇ ಕಾಣುತ್ತೆ."

"ಆಗಲ್ಲ ಅಂತ ಬರೆದು ಹಾಕಿ ಮತ್ತೆ."

"ಆಗಲ್ಲ ಅಂತ ಯಾರಂದ್ರು?"

ಮನೆಗೆ ಬಂದವರೇ ಅಂಗಿಯನ್ನೂ ಬಿಚ್ಚದೆ ಬಾನಿಯ ಒಲೆ ಹೊತ್ತಿಸಿದರು. ಇದ್ದದ್ದು ಅದೊಂದೇ ಒಳ್ಳೆಯ ಅಂಗಿ. ತೋಳಿಗೆ ಹತ್ತಿದ ಹಸಿರು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದನ್ನೇ ತೊಟ್ಟು ಆ ಮದುವೆಗೆ ಬಂದರು.