ಎಲ್ಲ ಮಹಿಳೆಯರಿಗೂ ಪ್ರೀತಿಯ ಆಹ್ವಾನ

ಒಂದೇ ಒಂದು ಪದ ಬದಲಾಯಿಸಿದ್ದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾರ್ಟುಗಳ ಸುರಿಮಳೆಯಾಯಿತು.

ಕಮ್ಮನಹಳ್ಳಿಯ ನಮ್ಮ ಬಿಲ್ಡಿಂಗಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಸುಮಾ ಅವರ ಮನೆಯೇ ಹೆಡ್ ಆಫೀಸು. ಪ್ರತಿ ವರ್ಷ 'ಮುತ್ತೈದೆಯರೆಲ್ಲರೂ ಬನ್ನಿ' ಎಂದು ಮೆಸೇಜ್ ಹಾಕುತ್ತಿದ್ದರು. ಈ ಸಲ ಕಾಲೇಜಿಗೆ ಹೋಗುವ ಮಗಳು ತಕರಾರು ತೆಗೆದಳಂತೆ. ಗಂಡ ಬದುಕಿದ್ದಾನೋ ಇಲ್ಲವೋ ನೋಡಿಕೊಂಡು ಹೆಂಗಸರನ್ನು ಕರೆಯುವುದು ಯಾವ ಸೀಮೆ ನ್ಯಾಯ ಎಂದಳಂತೆ. ಸುಮಾ ಒಪ್ಪಿದರು. 'ಎಲ್ಲ ಮಹಿಳೆಯರಿಗೂ ಪ್ರೀತಿಯ ಆಹ್ವಾನ' ಎಂದು ಹಾಕಿದರು.

ಯಾರನ್ನೂ ನೋಯಿಸದಂತೆ ಪದ ತಿದ್ದುವ ಪೊಲಿಟಿಕಲ್ ಕರೆಕ್ಟ್‌ನೆಸ್ ಅಂದರೆ ಇದೇ. ಇದರಲ್ಲಿ ಪಾಲಿಟಿಕ್ಸ್ ಎಲ್ಲಿ ಬಂತು ಎಂದು ನಮ್ಮ ಯಜಮಾನರು ಕೇಳಿದರು. ('ಯಜಮಾನರು' ಎಂಬ ಪದವೂ ತಿದ್ದಬೇಕಾದದ್ದೇ, ಗೊತ್ತು. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ.)

ಮೆಸೇಜ್ ಓದಿದ ಶಶಿಕಲಾ ನಮ್ಮ ಮನೆಗೆ ಬಂದರು. ಮೂರನೇ ಮಹಡಿಯಲ್ಲಿದ್ದಾರೆ, ಧಾರವಾಡದ ಕಡೆಯವರು. ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಕೆಲಸ. ಪತಿ ತೀರಿಕೊಂಡ ಮೇಲೆ ಇಂಥ ಕರೆ ಅವರಿಗೆ ಬಂದದ್ದೇ ಇಲ್ಲ.

"ಎಲ್ಲಾರೂ ಅಂದ್ರ ನಾನೂ ಬರಬಹುದೇನ್ರಿ?"

ಅದರಲ್ಲೇನು ಅನುಮಾನ, ಜೊತೆಗೇ ಹೋಗೋಣ ಅಂದೆ. ನನ್ನ ಮಾತು ನಂಬಿ ಅವರು ಇಳಕಲ್ ಸೀರೆ ಉಟ್ಟುಕೊಂಡು ಬಂದರು.

ಚಾಪೆಯ ಮೇಲೆ ಸಾಲಾಗಿ ಕೂತೆವು. ಸುಮಾ ಒಬ್ಬೊಬ್ಬರಿಗೇ ಕುಂಕುಮ ಹಚ್ಚುತ್ತ ಬಂದರು. ನನಗೆ ಹಚ್ಚಿದರು. ಪಕ್ಕದಲ್ಲಿ ಶಶಿಕಲಾ. ಕೈ ನಿಂತಿತು.

ಸುಮಾ ಕೆಟ್ಟವರಲ್ಲ. ನೋಯಿಸಬಾರದೆಂದೇ ಮೆಲ್ಲಗೆ ಕೇಳಿದರು: "ಹಚ್ಚಿದ್ರೆ ನಿಮಗೆ ಬೇಜಾರಾಗಲ್ಲ ತಾನೆ?"

ಎಷ್ಟು ನಾಜೂಕಾದ ಪ್ರಶ್ನೆ, ಅಲ್ಲವೇ? ಆದರೆ ನನ್ನನ್ನು ಹಾಗೆ ಕೇಳಲಿಲ್ಲ. ಸಾಲಿನಲ್ಲಿ ಬೇರೆ ಯಾರನ್ನೂ ಕೇಳಲಿಲ್ಲ. ಹರಟೆ ನಿಂತು ಎಲ್ಲರೂ ಶಶಿಕಲಾ ಕಡೆ ತಿರುಗಿದರು. ಕರೆದುಕೊಂಡು ಬಂದವಳು ನಾನು. ನಾಚಿಕೆಯಿಂದ ಹಿಡಿಯಷ್ಟಾದೆ.

ಶಶಿಕಲಾ ಮಾತ್ರ ಸೆರಗು ಸರಿಮಾಡಿಕೊಂಡು ಮುಖ ಮೇಲೆತ್ತಿದರು. "ಬ್ಯಾಡಾಗಿದ್ರ ನಾ ಬರತಿದ್ದಿಲ್ರಿ. ಹಚ್ಚರಿ."

ಸುಮಾ ಹಚ್ಚಿದರು. ಒಂದಿಷ್ಟು ಕುಂಕುಮ ಮೂಗಿನ ಮೇಲೂ ಉದುರಿತು. ಶಶಿಕಲಾ ಅದನ್ನು ಒರೆಸಿಕೊಳ್ಳಲಿಲ್ಲ. ಮನೆಗೆ ಹೋಗುವವರೆಗೂ ಅದು ಹಾಗೇ ಇತ್ತು.

ಪದ ತಿದ್ದಿದರೆ ಏನು ಬಂತು ಎಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಪಾರ್ಟಿ ಅಲ್ಲ. ಆ ಪದ ಬದಲಾಗದಿದ್ದರೆ ಶಶಿಕಲಾ ಆ ಚಾಪೆಯ ಮೇಲೆ ಕೂರುತ್ತಲೇ ಇರಲಿಲ್ಲ. ಬಾಗಿಲವರೆಗೆ ಕರೆತರುವಷ್ಟು ಶಕ್ತಿ ಪದಕ್ಕಿದೆ. ಒಳಗೆ ಬಂದ ಮೇಲಿನದು ನಮ್ಮ ಪಾಲಿನ ಕೆಲಸ. ಮೆಸೇಜಿಗೆ ಹಾರ್ಟ್ ಒತ್ತಿದವರೆಲ್ಲ ಅಲ್ಲೇ ಇದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ.

ಸುಮಾ ಅವರನ್ನು ಬೈಯುವ ಮೊದಲು ಹೇಳಿ, ಆ ಕುಂಕುಮದ ಬಟ್ಟಲು ನಿಮ್ಮ ಕೈಯಲ್ಲಿದ್ದಿದ್ದರೆ ಬೆರಳು ಒಂದು ಕ್ಷಣ ನಿಲ್ಲುತ್ತಿರಲಿಲ್ಲವೇ?