ಚಾಚಾನ ತಲೆಗೆ ರುಮಾಲು ಬಂದ ದಿನ

ಕಳೆದ ವಾರ ಗೋವೆಯ ಡಿಚೋಲಿಯ ಪೇಟೆಯಲ್ಲಿ ಇಸ್ತ್ರಿ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಗಂಜಿ ಹಾಕಿದ ಬಟ್ಟೆಗೆ ಬಿಸಿ ಇಸ್ತ್ರಿ ತಾಗಿದ ವಾಸನೆ ಮೂಗಿಗೆ ಬಡಿಯಿತು. ಯಾರದೋ ಖಾದಿ ಅಂಗಿ ಇರಬೇಕು. ಮನೆಗೆ ಬಲ್ಬು ತರಲು ಹೊರಟವನು ಬಲ್ಬನ್ನು ಮರೆತು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು "ಕಪಡಾ ಹೈ ಕ್ಯಾ?" ಎಂದ. ಇಲ್ಲವೆಂದೆ. ಅವನಿಗೆ ಏನು ಹೇಳಲಿ? ಆ ವಾಸನೆ ನನ್ನ ಪಾಲಿಗೆ ಬಟ್ಟೆಯದಲ್ಲ, ನಮ್ಮ ಚಾಚಾನದು...

ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ನಾವು ಒಂದೇ ಚಾಳಿನಲ್ಲಿದ್ದೆವು. ನಾನು ಗಣಿಯ ಕಾಟಾದ ಮೇಲೆ ಲಾರಿ ತೂಗುವವ, ಅವರು ನೀರಿನ ಟ್ಯಾಂಕರ್ ಓಡಿಸುವವರು. ಸಿಂದಗಿ ಕಡೆಯವರು. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಕೂರಲೆಂದು ದಿನವಿಡೀ ರಸ್ತೆಗೆ ನೀರು ಹೊಡೆಯುವುದು ಅವರ ಕೆಲಸ. ಆದರೆ ಚಾಳಿನಲ್ಲಿ ಮದುವೆ ಇದ್ದರೆ ಮೆರವಣಿಗೆಗೆ ಮುಂಚೆ ಟ್ಯಾಂಕರು ಹೇಗೋ ನಮ್ಮ ಓಣಿಗೂ ಬರುತ್ತಿತ್ತು. ಮದುಮಗಳ ಸೀರೆಗೆ ಧೂಳು ಹತ್ತಬಾರದಲ್ಲ! ಸೂಪರ್‌ವೈಜರ್ ಕೇಳಿದರೆ "ತಿರುವಿನ್ಯಾಗ ದಾರಿ ತಪ್ಪಿತ್ರಿ" ಎನ್ನುತ್ತಿದ್ದರು. ಅದೇ ದಾರಿಯಲ್ಲಿ ಎಷ್ಟೋ ವರ್ಷದಿಂದ ಓಡಾಡುವ ಮನುಷ್ಯ ಮದುವೆಯ ದಿನವೇ ದಾರಿ ತಪ್ಪುವುದು ಸೂಪರ್‌ವೈಜರಿಗೂ ರೂಢಿಯಾಗಿತ್ತು.

ಆದರೆ ಚಾಚಾನ ನಿಜವಾದ ಹೆಮ್ಮೆ ಟ್ಯಾಂಕರಿನಲ್ಲಿರಲಿಲ್ಲ, ರುಮಾಲಿನಲ್ಲಿತ್ತು. ನಮ್ಮ ಕಡೆಯ ಗುಲಾಬಿ ರುಮಾಲನ್ನು ತಲೆಗೆ ಸುತ್ತಲು ಇಡೀ ಡಿಚೋಲಿಯ ಕನ್ನಡ ಮಂದಿಯಲ್ಲಿ ಬರುತ್ತಿದ್ದದ್ದು ಅವರೊಬ್ಬರಿಗೇ. ಹಿಂದಿನ ದಿನ ಚಾಚಿ ಬಟ್ಟೆಗೆ ಅನ್ನದ ಗಂಜಿ ಹಾಕಿ ಒಣಗಿಸಿಡುತ್ತಿದ್ದರು. ಕಟ್ಟುವಾಗ ಚಾಚಿ ಒಂದು ತುದಿ ಹಿಡಿದು ದೂರ ನಿಲ್ಲಬೇಕು, ಚಾಚಾ ಇನ್ನೊಂದು ತುದಿಯಿಂದ ನಿರಿಗೆ ಹಿಡಿಯುತ್ತ ಬರಬೇಕು. ಮದುಮಗ ಹಿಂದೂ ಇರಲಿ, ಮುಸ್ಲಿಮನಿರಲಿ, ಎಲ್ಲರ ತಲೆಯೂ ಅವರ ಕೈ ದಾಟಿಯೇ ಮಂಟಪಕ್ಕೆ ಹೋಗಬೇಕು. ಮೊದಲು ಎರಡೂ ಅಂಗೈಯಿಂದ ತಲೆಯನ್ನು ಒತ್ತಿ, ಸಂತೆಯಲ್ಲಿ ತೆಂಗಿನಕಾಯಿ ನೋಡುವವರ ಹಾಗೆ ಅಳೆಯುತ್ತಿದ್ದರು. "ತಲಿ ಅಲ್ಲಾಡಿಸಬ್ಯಾಡೋ, ಲಗ್ನ ಆದಮ್ಯಾಲ ಹೆಂಗೂ ಅಲ್ಲಾಡಿಸೂದ ಐತಿ" ಎಂದು ಮದುಮಗನನ್ನು ಕಾಡಿಸುವುದು ತಪ್ಪುತ್ತಿರಲಿಲ್ಲ.

ಡಿಚೋಲಿಯ ನಮ್ಮ ಕನ್ನಡ ಸಂಘ ಪ್ರತಿ ರಾಜ್ಯೋತ್ಸವಕ್ಕೆ ಊರಿಗೆ ಉಪಕಾರ ಮಾಡಿದವರನ್ನು ಕರೆದು ಸನ್ಮಾನ ಮಾಡುತ್ತಿತ್ತು. ಹೆಂಗಸರಿಗೆ ಉಡಿ ತುಂಬಿ ಶಾಲು, ಗಂಡಸರಿಗೆ ಶಾಲು ಮತ್ತು ರುಮಾಲು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರ ಹತ್ತಿರ ಅವರ ಪರವಾಗಿ ಕೊಂಕಣಿಯಲ್ಲಿ ಮಾತಾಡುತ್ತಿದ್ದ ಮುದುಕಿಯೊಬ್ಬರಿಗೆ ಒಂದು ವರ್ಷ. ಮಳೆಗೆ ಹಳ್ಳ ತುಂಬಿ ನಮ್ಮ ಚಾಳಿನ ದಾರಿ ಕಡಿದುಹೋದಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬ್ರೆಡ್ಡು ತಂದುಕೊಟ್ಟ ಪೋದೇರನಿಗೆ ಮತ್ತೊಂದು ವರ್ಷ. ಪಾವು ಮಾರುವ ಆ ಗೋವೆಯವನಿಗೆ ಕನ್ನಡದ ಒಂದಕ್ಷರ ಬಾರದು. ಮರುದಿನ ಬೆಳಿಗ್ಗೆ ಅವನು ಗುಲಾಬಿ ರುಮಾಲು ಸುತ್ತಿಕೊಂಡೇ ಹಾರ್ನು ಪೊಂ ಪೊಂ ಎನ್ನಿಸುತ್ತ ಸೈಕಲ್ಲಿನಲ್ಲಿ ಬಂದ. ಮಕ್ಕಳೆಲ್ಲ ಹಿಂದೆ ಓಡಿದರು. ಚಾಚಾ ಬಾಗಿಲಲ್ಲಿ ನಿಂತು, "ನೋಡು, ಗಾಳಿಗೂ ಹಾರಿಲ್ಲ" ಎಂದು ತಮ್ಮ ಕೆಲಸವನ್ನೇ ಹೊಗಳಿಕೊಂಡರು.

ಚಾಚಾ ವಿನಯವಂತರೇನಲ್ಲ, ಇದನ್ನು ಹೇಳಿಬಿಡಬೇಕು. ತಮಗೂ ಸನ್ಮಾನ ಆಗಬೇಕೆಂಬ ಆಸೆ ಅವರಿಗೆ ಭಾಳ ಇತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಕಮಿಟಿ ಕೂತಾಗಲೆಲ್ಲ ಯಾವುದೋ ನೆಪದಿಂದ ಬಂದು ಬಾಗಿಲ ಹತ್ತಿರ ಕೂರುವರು.

"ಈ ಸಲಾ ಯಾರ ತಲಿರಿ?" ಎಂದು ಕೇಳುತ್ತ ತಮ್ಮ ತಲೆಯನ್ನೇ ಸವರಿಕೊಳ್ಳುವರು.

"ನಿಮ್ಮನ್ನ ಕುರ್ಚಿ ಮ್ಯಾಲ ಕುಂದ್ರಿಸಿದ್ರ ಕಟ್ಟಾವ್ರು ಯಾರ್ರಿ ಚಾಚಾ?" ಎಂದು ಅಧ್ಯಕ್ಷರು ಪ್ರತಿ ವರ್ಷ ಅದೇ ಉತ್ತರ ಕೊಡುವರು. ಎಲ್ಲರೂ ನಗುತ್ತಿದ್ದೆವು. ಚಾಚಾ ಎಲ್ಲರಿಗಿಂತ ಜೋರಾಗಿ ನಗುವರು. ಆದರೆ ಅಂಥ ದಿನ ಮನೆಗೆ ಹೋಗಿ ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರಂತೆ. ಇದು ಚಾಚಿ ನನ್ನ ಹೆಂಡತಿಗೆ ಹೇಳಿದ ಗುಟ್ಟು.

ಒಮ್ಮೆ ಟ್ಯಾಂಕರಿನಲ್ಲಿ ಅವರ ಪಕ್ಕ ಕೂತು ಬರುವಾಗ ನಾನೇ ಕೇಳಿದೆ, ಇಷ್ಟು ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದು.

"ನಮ್ಮಪ್ಪ ಊರಾಗ ಎಲ್ಲಾರ ತಲಿಗೂ ಕಟ್ಟಿದಾ ತಮ್ಮಾ" ಎಂದರು. "ಅಂವಗ ಯಾರೂ ಕಟ್ಟಲಿಲ್ಲ. ಟವೆಲ್ ಸುತ್ತಿಕೊಂಡ ಇದ್ದಾ, ಟವೆಲ್ ಸುತ್ತಿಕೊಂಡ ಹ್ವಾದಾ." ಗೇರು ಬದಲಿಸಿ ನೀರು ಬಿಟ್ಟರು.

ಆಮೇಲೆ ಗಣಿ ನಿಂತಿತು. ಲಾರಿಗಳು ರಸ್ತೆಯ ಬದಿಗೆ ಸಾಲಾಗಿ ನಿಂತು ತುಕ್ಕು ಹಿಡಿದವು. ಧೂಳೇ ಇಲ್ಲವೆಂದ ಮೇಲೆ ನೀರು ಹೊಡೆಯುವವನಿಗೆ ಏನು ಕೆಲಸ? ಚಾಳಿನ ಮಂದಿ ಕೆಲವರು ಕುಂಡಯಿಯ ಫ್ಯಾಕ್ಟರಿಗಳಿಗೆ ಹೋದರು, ಕೆಲವರು ಊರಿಗೆ. ಚಾಚಾನೂ ರಾಜ್ಯೋತ್ಸವ ಮುಗಿಸಿ ಸಿಂದಗಿಗೆ ಮಗಳ ಮನೆಗೆ ಹೋಗಿಬಿಡುತ್ತೇವೆ ಎಂದರು. ಆಗ ಕಮಿಟಿಗೆ ಎಚ್ಚರವಾಯಿತು. ಈ ಸಲ ಬಿಟ್ಟರೆ ಮತ್ತೆ ಚಾಚಾ ಎಲ್ಲಿ ಸಿಗುತ್ತಾರೆ? ಅವರೊಬ್ಬರದೇ ಸನ್ಮಾನ ಎಂದು ಗೊತ್ತು ಮಾಡಿ ನಾನೇ ಓಡಿಹೋಗಿ ಹೇಳಿದೆ. ಚಾಚಾ ಒಳಗೆ ಹೋಗಿ ಚಾಚಿಯನ್ನು ಕರೆದು, "ಇನ್ನೊಮ್ಮೆ ಹೇಳು" ಎಂದು ನನ್ನಿಂದ ಎರಡನೇ ಸಲ ಹೇಳಿಸಿದರು.

ಆ ದಿನ ಬಿಳಿ ಅಂಗಿ, ಬಿಳಿ ಪಾಯಜಾಮಾ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ಹಾರ ಆಯಿತು, ಶಾಲು ಆಯಿತು. ಅಧ್ಯಕ್ಷರು ತಟ್ಟೆಯಿಂದ ರುಮಾಲು ಎತ್ತಿಕೊಂಡರು, ಬಿಚ್ಚಿದರು, ಹಾಗೇ ನಿಂತರು. ಆಗ ನಮಗೆಲ್ಲ ಹೊಳೆಯಿತು. ಎಲ್ಲವನ್ನೂ ತಂದಿದ್ದೆವು, ಕಟ್ಟುವವರು ಯಾರೆಂಬುದನ್ನೇ ಮರೆತಿದ್ದೆವು. ಅಷ್ಟು ವರ್ಷ ಹೇಳಿ ನಕ್ಕ ಮಾತು ಈಗ ನಮ್ಮ ಮುಂದೆಯೇ ಬಂದು ಕೂತಿತ್ತು.

ಅಧ್ಯಕ್ಷರು ಧೈರ್ಯ ಮಾಡಿ ಸುತ್ತತೊಡಗಿದರು. ಮೊದಲ ಸುತ್ತಿಗೆ ಚಾಚಾನ ಹುಬ್ಬು ಹೋಯಿತು, ಎರಡನೆಯದಕ್ಕೆ ಕಣ್ಣು, ಆಮೇಲೆ ಮೂಗು. ಒಳಗಿನಿಂದ "ಉಸರಾಡಾಕರೆ ಬಿಡ್ರಿ" ಎಂಬ ದನಿ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ಪೋದೇರ "ಹಾಂವ್ ಕರ್ತಾಂ" ಎನ್ನುತ್ತ ಮೇಲೆ ಬಂದು ತಾನೂ ಕೈ ಹಚ್ಚಿದ. ಅವನು ಕಟ್ಟಿದ್ದನ್ನು ನೋಡಿದರೆ ಚಾಚಾನಿಗೆ ತಲೆ ಒಡೆದು ಬ್ಯಾಂಡೇಜು ಹಾಕಿದಂತಿತ್ತು. ನಾನೂ ನಕ್ಕೆ. ಆದರೆ ಬಟ್ಟೆ ಸರಿಸಿದಾಗ ಕಂಡ ಚಾಚಾನ ಮುಖದಲ್ಲಿ ನಗೆ ಇರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು.

"ಇರಲಿ ಬಿಡ್ರಿ, ಶಾಲು ಆತಲ್ಲ, ಸಾಕು" ಎಂದರು ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ.

ಚಾಚಾ ಎದ್ದು ನಿಂತರು. "ಶಾಲಿಗೆ ಕುಂತಿಲ್ರಿ ನಾನು."

"ಹಂಗಾರ ನೀವ ಕಟಗೋರಿ" ಎಂದ ಮುಂದಿನ ಸಾಲಿನವನೊಬ್ಬ.

"ತಾನ ಕಟಗೊಂಡ್ರ ಅದು ಸನ್ಮಾನ ಹೆಂಗ ಆಕ್ಕೈತೋ?" ಎಂದು ಅವನ ಬಾಯಿ ಮುಚ್ಚಿಸಿ, ಮೈಕಿನ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದರು. "ತಮ್ಮಾ, ಇಲ್ಲಿ ಬಾ. ಕುಂದ್ರು. ನಿನ್ನ ತಲಿ, ನನ್ನ ತಲಿ ಒಂದ ಅಳತಿ."

ನನ್ನನ್ನು ತಮ್ಮ ಸನ್ಮಾನದ ಕುರ್ಚಿಯಲ್ಲಿ ಕೂರಿಸಿದರು. ಹೆಂಗಸರ ಕಡೆಯಿಂದ ಚಾಚಿ ಯಾರೂ ಕರೆಯದೆಯೇ ಎದ್ದು ಬಂದು, ಸೆರಗು ಸರಿಮಾಡಿಕೊಂಡು, ಬಟ್ಟೆಯ ತುದಿ ಹಿಡಿದು ವೇದಿಕೆಯ ಅಂಚಿಗೆ ನಿಂತರು. ಚಾಚಾನ ಬೆರಳುಗಳು ನಿರಿಗೆ ಹಿಡಿಯುತ್ತ ಬಂದವು. ಗಂಜಿಯ ವಾಸನೆ ನನ್ನ ಮುಖದ ಸುತ್ತ ತಿರುಗಿತು. ಕೊನೆಯ ಸುತ್ತು ಸಿಕ್ಕಿಸಿ, ಹಿಂದೆ ಚುಂಗು ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ಎರಡೂ ಕೈಯಿಂದ ಅದನ್ನು ಮೆಲ್ಲನೆ ನನ್ನ ತಲೆಯಿಂದೆತ್ತಿ ಅಧ್ಯಕ್ಷರ ಕೈಗೆ ಕೊಟ್ಟರು. ನನ್ನನ್ನು ಎಬ್ಬಿಸಿ ತಾವು ಕೂತರು.

"ಈಗ ಇಡ್ರಿ" ಎಂದರು.

ಅಧ್ಯಕ್ಷರು ಇಟ್ಟರು. ರುಮಾಲು ಸರ್ರನೆ ಹುಬ್ಬಿನವರೆಗೆ ಇಳಿಯಿತು! ಊರ ತಲೆಗಳ ಅಳತೆಯೆಲ್ಲ ಅಂಗೈಯಲ್ಲಿದ್ದ ಮನುಷ್ಯನಿಗೆ ತನ್ನ ತಲೆಯ ಅಳತೆ ಗೊತ್ತಿರಲಿಲ್ಲ. ಎಂದಾದರೂ ಅಳೆದುಕೊಂಡಿದ್ದರೆ ತಾನೆ? ಚಾಚಾ ಒಂದು ಕೈಯಿಂದ ಅದನ್ನು ಮೇಲೆ ದೂಡಿ ಹಿಡಿದುಕೊಂಡರು, ನಕ್ಕರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಹುಡುಗರು ಸಿಳ್ಳೆ ಹಾಕಿದರು. ಚಾಚಾನ ಭಾಷಣ ಇಷ್ಟೇ: "ನೀರ ಹೊಡದೇನಿ, ರುಮಾಲ ಕಟ್ಟೇನಿ. ಮತ್ತೇನೂ ಮಾಡಿಲ್ರಿ. ಆದ್ರ ಇವತ್ತ ನಮ್ಮಪ್ಪನ ತಲಿಗೂ ನೀವು ಕಟ್ಟಿದಂಗ ಆತು." ಹತ್ತಿರದ ದಾರಿ ಬಿಟ್ಟು ಪೇಟೆಯನ್ನೆಲ್ಲ ಸುತ್ತಿಕೊಂಡು, ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಮನೆಗೆ ಹೋದರು. ನಾವೆಲ್ಲ ಹಿಂದೆ. ನನ್ನ ಬದುಕಿನಲ್ಲಿ ಅಷ್ಟು ಖುಷಿಯ ಮೆರವಣಿಗೆ ಮತ್ತೊಂದು ನೋಡಿಲ್ಲ.

ಚಾಚಾ ತೀರಿಕೊಂಡ ಸುದ್ದಿ ಬಂದಾಗ ನನಗೆ ಹೋಗಲು ಆಗಿರಲಿಲ್ಲ. ಕಳೆದ ವಾರ ಇಸ್ತ್ರಿ ಅಂಗಡಿಯ ಮುಂದಿನಿಂದ ಬಂದವನು ಮರುದಿನವೇ ಸಿಂದಗಿಯ ದಾರಿ ಹಿಡಿದೆ. ಚಾಚಿ ಮಗಳ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಇದ್ದರು. ಚಹಾ ಕೊಟ್ಟು, ಕಪಾಟಿನ ಮೇಲಿನಿಂದ ದುಪಟ್ಟಾ ಮುಚ್ಚಿದ್ದ ಒಂದು ಬುಟ್ಟಿಯನ್ನು ಇಳಿಸಿದರು. ಒಳಗೆ ರುಮಾಲು, ಕಟ್ಟಿದ್ದು ಕಟ್ಟಿದ ಹಾಗೆಯೇ. ಗುಲಾಬಿ ಬಣ್ಣ ಮಾಸಿತ್ತು.

"ಬಿಚ್ಚಿ ಅವರ ಅಳತಿಗೆ ಮತ್ತೊಮ್ಮೆ ಕಟ್ಟಬೇಕಾಗಿತ್ತಲ್ರಿ ಚಾಚಿ" ಎಂದೆ.

"ಎಷ್ಟ ಸಲಾ ಹೇಳಿದ್ನಿ ತಮ್ಮಾ. ಡಿಚೋಲಿ ಮಂದಿ ಇಟ್ಟದ್ದು, ಬಿಚ್ಚಿದ್ರ ಬರೇ ಅರಿವಿ ಆಕ್ಕೈತಿ ಅಂದ್ರು. ಈದ್ ನಮಾಜಿಗೂ ಇದನ್ನ ಹಾಕ್ಕೊಂಡು, ಹಿಂಗ ಒಂದ ಕೈಲೆ ಹಿಡಕೊಂಡು ಹೋಗತಿದ್ರು." ಚಾಚಿ ಕೈಯೆತ್ತಿ ತೋರಿಸಿದರು. ನಕ್ಕರು. ಆಮೇಲೆ ರುಮಾಲನ್ನು ನನ್ನ ತಲೆಯ ಮೇಲಿಟ್ಟರು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ.

"ನಿನಗ ಬರೋಬರಿ ಕುಂತೈತಿ. ತಗೊಂಡ ಹೋಗು" ಎಂದರು.

ಚಾಚಾ ಹೋದರು ಎಂಬುದು ನನಗೆ ಪೂರ್ತಿ ತಿಳಿದದ್ದು ಆ ಕ್ಷಣದಲ್ಲಿ. ಅಳು ತಡೆಯಲಾಗಲಿಲ್ಲ. ರುಮಾಲನ್ನು ಎರಡೂ ಕೈಯಿಂದ ತೆಗೆದು ಚಾಚಿಯ ಮಡಿಲಲ್ಲಿಟ್ಟೆ. "ಬ್ಯಾಡ್ರಿ ಚಾಚಿ, ಇದು ಅವರದು" ಎಂದೆ.